ಡಾಕ್ಟರರ ಕೋಣೆಯೊಳಗೆ ನೀವೂ ಹೋಗಿ



ಯಲ್ಲಾಪುರದಲ್ಲಿರುವ ನನ್ನ ಖಾಲಾ ಕಳೆದ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ನಿನ್ನ ಖಾಲೂಗೆ ನನ್ನ ಮೇಲೆ ಏನೋ ಸಿಟ್ಟು. ಏನು ತಪ್ಪು ಮಾಡಿದೆನೋ ತಿಳಿಯುತ್ತಿಲ್ಲ" ಎಂದರು. ಮದುವೆಯಾಗಿ ನಲವತ್ತು ವರ್ಷ ದಾಟಿದ ದಂಪತಿ. ಖಾಲೂ ತಮ್ಮ ಹಾಸಿಗೆಯನ್ನು ಹೊರಗಿನ ಕೋಣೆಯಲ್ಲಿ ಹಾಕಿಸಿಕೊಂಡಿದ್ದರು. ಮಾತು ಕಡಿಮೆಯಾಗಿತ್ತು. ಮೊಮ್ಮಕ್ಕಳು ಗಲಾಟೆ ಮಾಡಿದರೆ ಗದರುತ್ತಿದ್ದರು.

ಅದಕ್ಕೆ ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದೆ, ಅದು ಬೆನ್ನೆಲುಬಿಗೂ ಹರಡಿದೆ ಎಂದು ಗೊತ್ತಾಗಿತ್ತು. ಡಾಕ್ಟರರ ಕೋಣೆಯೊಳಗೆ ಹೋದದ್ದು ಖಾಲೂ ಮತ್ತು ಹಿರಿಯ ಮಗ. ಖಾಲಾ ಬುತ್ತಿಯ ಚೀಲ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. "ಗಂಡಸರ ಕಾಯಿಲೆ, ನಾನು ಒಳಗೆ ಹೋಗಿ ಏನು ಮಾಡುವುದು?" ಎಂಬುದು ಅವರ ಮಾತು. ಮಗ ಹೊರಬಂದು, "ಮೂತ್ರದ ತೊಂದರೆ ಅಮ್ಮಿ, ಗಡ್ಡೆ ಇದೆ, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್" ಎಂದು ಮುಗಿಸಿದ. ತಾಯಿಯೆದುರು ಅದಕ್ಕಿಂತ ಹೆಚ್ಚು ಹೇಳಲು ಅವನಿಗೂ ಸಂಕೋಚ. ಆ ಇಂಜೆಕ್ಷನ್ ಏನು ಮಾಡುತ್ತದೆ ಎಂದು ಗೊತ್ತಿರಲೇಬೇಕಾಗಿದ್ದ ಒಬ್ಬರಿಗೆ ಯಾರೂ ಹೇಳಲಿಲ್ಲ.

ಇದನ್ನು ಬರೆಯಲು ಖಾಲಾ ಒಪ್ಪಿಗೆ ಕೊಟ್ಟಿದ್ದಾರೆ. "ಹೆಸರು ಮಾತ್ರ ಹಾಕಬೇಡ, ಉಳಿದದ್ದೆಲ್ಲ ಬರಿ" ಎಂದರು.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಸಣ್ಣ ಗ್ರಂಥಿ. ಶಿರಸಿ ಸೀಮೆಯವರಿಗೆ ಹೇಳುವುದಾದರೆ, ಸಿಪ್ಪೆ ಸಹಿತ ಅಡಿಕೆಯಷ್ಟು ಗಾತ್ರ. ವಯಸ್ಸಾದಂತೆ ಅದು ದೊಡ್ಡದಾಗುವುದು ಸಾಮಾನ್ಯ, ಎಲ್ಲವೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಮೊದಲು ನೋವಿರುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದರೆ ಸಕ್ಕರೆ ಕಾಯಿಲೆ ಎಂದುಕೊಳ್ಳುತ್ತೇವೆ. ಬೆನ್ನು ನೋವಾದರೆ ಮೂಟೆ ಹೊತ್ತದ್ದಕ್ಕೆ ಎಂದು ಎಣ್ಣೆ ಹಚ್ಚುತ್ತೇವೆ. ಆಮೇಲೆ ಪಿಎಸ್ಎ ಎಂಬ ರಕ್ತ ಪರೀಕ್ಷೆ, ಬಯಾಪ್ಸಿ, ಎಲುಬಿನ ಸ್ಕ್ಯಾನ್ ಆದಾಗ ಕಾಯಿಲೆ ಹರಡಿದ್ದು ತಿಳಿಯುತ್ತದೆ.

"ನಾನು ಮೊದಲೇ ಗಮನಿಸಬೇಕಿತ್ತು" ಎಂದು ಅಳುವ ಹೆಂಡತಿಯರಿಗೆ ಒಂದು ಮಾತು. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಇದೇ ಕಾಯಿಲೆ ಇರುವುದು ಪ್ರಕಟವಾಯಿತು. ಗೊತ್ತಾಗುವಾಗ ಅವರಿಗೂ ಎಲುಬಿಗೆ ಹರಡಿತ್ತು. ಅಂಥ ವೈದ್ಯರ ಪಡೆ ಇದ್ದವರಿಗೇ ಹಾಗಾದರೆ, ಸಿದ್ದಾಪುರದ ಹಳ್ಳಿಯೊಂದರಲ್ಲಿ ಅಡುಗೆ ಮನೆಯಲ್ಲಿದ್ದ ನೀವು ನಿಮ್ಮನ್ನು ಯಾಕೆ ದೂರಿಕೊಳ್ಳುತ್ತೀರಿ?

ಈಗ ಇಂಜೆಕ್ಷನ್ನಿನ ವಿಷಯ. ಈ ಕ್ಯಾನ್ಸರ್ ಬೆಳೆಯುವುದು ಗಂಡಸಿನ ಹಾರ್ಮೋನಿನಿಂದ. ಆ ಹಾರ್ಮೋನನ್ನು ತಡೆದರೆ ಕಾಯಿಲೆ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿ ತೋರಿಸಿದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಇಂದಿಗೂ ಚಿಕಿತ್ಸೆಯ ಬುನಾದಿ ಅದೇ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಾರೆ. ಇಲ್ಲವೇ ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದು ಒಂದೇ ಸಲದ ಖರ್ಚು. ಅದರ ಜೊತೆ ಅಬಿರಾಟೆರೋನ್ ಎಂಬ ಮಾತ್ರೆ ಅಥವಾ ಡೋಸಿಟ್ಯಾಕ್ಸೆಲ್ ಕೀಮೋ ಸೇರಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು 2015 ಮತ್ತು 2017ರಲ್ಲಿ ಬಂದ ದೊಡ್ಡ ಅಧ್ಯಯನಗಳು ತೋರಿಸಿವೆ. ಹರಡಿದ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ, ನಿಜ. ಆದರೆ ಹತೋಟಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬಾಳುವವರಿದ್ದಾರೆ. "ಹರಡಿದೆ" ಎಂದ ಕೂಡಲೇ ಮನೆಯಲ್ಲಿ ಸಾವಿನ ಮೌನ ಆವರಿಸಬೇಕಾಗಿಲ್ಲ.

ಹಾರ್ಮೋನ್ ನಿಂತಾಗ ಗಂಡಸಿಗೆ ಏನಾಗುತ್ತದೆ ಎಂಬುದೇ ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುತ್ತದೆ. ಮಳೆಗಾಲದ ಚಳಿಯಲ್ಲೂ ಕಂಬಳಿ ಕಿತ್ತೆಸೆದು ಎದ್ದು ಕೂರುತ್ತಾರೆ. ಸುಸ್ತು, ಸಿಡುಕು, ಕಾರಣವಿಲ್ಲದೆ ಕಣ್ಣೀರು. ಮುಟ್ಟು ನಿಲ್ಲುವ ಕಾಲದಲ್ಲಿ ನಾವು ಅನುಭವಿಸಿದ್ದು ಇದೇ ಅಲ್ಲವೇ? ಆ ಮನೆಯಲ್ಲಿ ಅವರ ಕಷ್ಟವನ್ನು ಅನುಭವದಿಂದ ಬಲ್ಲವರು ನೀವೊಬ್ಬರೇ.

ಇನ್ನೊಂದು ಸಂಗತಿ ಇದೆ. ದಾಂಪತ್ಯದ ಬಯಕೆ ಹೋಗಿಬಿಡುತ್ತದೆ, ಶಕ್ತಿಯೂ ಹೋಗುತ್ತದೆ. ಅದು ಔಷಧಿಯ ಕೆಲಸ. ಹೆಂಡತಿಯ ಮೇಲಿನ ಪ್ರೀತಿ ಕಡಿಮೆಯಾದದ್ದಲ್ಲ. ಆದರೆ ಗಂಡ ನಾಚಿಕೆಯಿಂದ ದೂರ ಸರಿಯುತ್ತಾನೆ, ಹೆಂಡತಿ ತಾನು ಬೇಡವಾದೆ ಎಂದುಕೊಳ್ಳುತ್ತಾಳೆ. ಕಾಯಿಲೆ ಒಬ್ಬರ ಮೈಯಲ್ಲಿ, ಗಾಯ ಇಬ್ಬರಿಗೆ. ನನ್ನ ಖಾಲೂ ಹೊರಗಿನ ಕೋಣೆಗೆ ಹೋದದ್ದು ಹೀಗೆ.

ಹಯಾ ನಮ್ಮ ಈಮಾನಿನ ಭಾಗ. ಆದರೆ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದು ಯಾಕೆ? ದೀನಿನ ತಿಳಿವಳಿಕೆ ಪಡೆಯಲು ಲಜ್ಜೆ ಅವರಿಗೆ ಅಡ್ಡಿಯಾಗಲಿಲ್ಲ ಎಂದು. ಪ್ರವಾದಿ(ಸ)ರ ಬಳಿ ಬಂದು ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನೇ ಅವರು ಕೇಳಿದ್ದರು. ಗಂಡನ ಚಿಕಿತ್ಸೆಯ ಬಗ್ಗೆ ಡಾಕ್ಟರರಲ್ಲಿ ಕೇಳಲು ನಮಗೇಕೆ ನಾಚಿಕೆ?

ಪ್ರವಾದಿ ಅಯ್ಯೂಬ್(ಅ)ರ ಸಬ್ರಿನ ಕುರಿತು ಕೇಳದವರಿಲ್ಲ. ಅವರ ಜೊತೆ ನಿಂತ ಪತ್ನಿಯ ಹೆಸರು ಕುರ್‌ಆನಿನಲ್ಲಿಲ್ಲ, ನಮ್ಮ ಪ್ರವಚನಗಳಲ್ಲೂ ಆಕೆಯ ಮಾತು ಬರುವುದು ಕಡಿಮೆ. ಇರಲಿ. ನಾನು ಹೇಳಹೊರಟದ್ದು ಬೇರೆ. ಅಯ್ಯೂಬ್(ಅ)ರು ತಮ್ಮ ನೋವನ್ನು ನುಂಗಿಕೊಂಡು ಸುಮ್ಮನಿರಲಿಲ್ಲ, ಅಲ್ಲಾಹನ ಮುಂದೆ ಹೇಳಿಕೊಂಡರು. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮಗೆ ಕಲಿಸಿದವರು ಯಾರೋ!

ಹಾಗಾಗಿ ಮುಂದಿನ ಸಲ ಡಾಕ್ಟರರ ಕೋಣೆಯೊಳಗೆ ನೀವೂ ಹೋಗಿ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಇಂಜೆಕ್ಷನ್ನೋ ಶಸ್ತ್ರಚಿಕಿತ್ಸೆಯೋ, ಮುಂದಿನದನ್ನು ಶಿರಸಿಯಲ್ಲೇ ಹಾಕಿಸಬಹುದೇ, ಮಾತ್ರೆ ಯಾವ ಹೊತ್ತಿಗೆ. ಅಬಿರಾಟೆರೋನನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಜೊತೆಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯನ್ನು ತಟ್ಟನೆ ನಿಲ್ಲಿಸುವುದು ಅಪಾಯ. ರಮಝಾನಿಗೆ ಮೊದಲೇ ಉಪವಾಸದ ಬಗ್ಗೆ ವೈದ್ಯರನ್ನೂ ಆಲಿಮರನ್ನೂ ಕೇಳಿಕೊಳ್ಳಿ. ರೋಗಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ಶಸ್ತ್ರಚಿಕಿತ್ಸೆ ಜಾಯಿಝೋ ಎಂಬ ಅನುಮಾನ ಬಂದರೆ ವೈದ್ಯರ ಚೀಟಿ ಹಿಡಿದುಕೊಂಡೇ ಹೋಗಿ ಕೇಳಿ. ರೋಗದ ಚಿಕಿತ್ಸೆಗಾಗಿ ಮಾಡುವುದು ಬೇರೆ ವಿಷಯ. ಮೂತ್ರ ತೊಟ್ಟಿಕ್ಕುತ್ತದೆ ಎಂದು ನಮಾಝನ್ನೇ ಬಿಟ್ಟವರೂ ಇದ್ದಾರೆ. ನಿಲ್ಲದೆ ತೊಟ್ಟಿಕ್ಕುವವರು ನಮಾಝಿನ ಸಮಯ ಬಂದ ಮೇಲೆ ಶುಚಿ ಮಾಡಿ, ಬಟ್ಟೆ ಕಟ್ಟಿಕೊಂಡು, ಪ್ರತಿ ಫರ್ಝಿಗೂ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು. ಬೆನ್ನು ಬಾಗದಿದ್ದರೆ ಕುರ್ಚಿಯಲ್ಲಿ ಕುಳಿತು. ಇದನ್ನು ನೀವೇ ಅವರಿಗೆ ಹೇಳಿ. ಮಸೀದಿಗೆ ಹೋಗಲಾರದ ಗಂಡಸು ಎಷ್ಟು ಕುಗ್ಗುತ್ತಾನೆ ಎಂದು ನೋಡಿದ್ದೇನೆ.

ನಮ್ಮ ಕಡೆಯವರಿಗೆ ದಾರಿಯೇ ಅರ್ಧ ಕಾಯಿಲೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ಎಷ್ಟು ಕೂಗಿದರು! ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ತಿರ. ನವನಗರದ ಕ್ಯಾನ್ಸರ್ ಆಸ್ಪತ್ರೆ ಅಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವ ಸಿದ್ದಾಪುರದವರಿಗೆ ತಾಳಗುಪ್ಪದಿಂದ ರೈಲಿದೆ. ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾದವರಿಗೆ ಬಸ್ಸಿಗಿಂತ ರೈಲು ಎಷ್ಟೋ ವಾಸಿ. ಬಸ್ಸಿನಲ್ಲೇ ಹೋಗಬೇಕಾದರೆ ಮೊದಲೇ ಕಂಡಕ್ಟರಿಗೆ ಹೇಳಿಡಿ. ಬಸ್ಸಿನ ಹೆದರಿಕೆಗೆ ನೀರು ಕುಡಿಯದೆ ಹೋಗಿ ಇನ್ನೊಂದು ತೊಂದರೆ ತಂದುಕೊಳ್ಳುವುದು ಬೇಡ.

ಖರ್ಚಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಖರ್ಚಿನ ಶೇಕಡಾ 30ರಷ್ಟು, ಗರಿಷ್ಠ ಒಂದೂವರೆ ಲಕ್ಷ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಶಿರಸಿಯವರಾದರೆ ಪಂಡಿತ್ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿರಲಿ. ಒಡವೆ ಮಾರುವ ಮೊದಲು ಇದನ್ನು ಕೇಳಿ ನೋಡಿ.

ಕ್ಯಾನ್ಸರ್ ಎಂದ ಕೂಡಲೇ ನಾಟಿ ಮದ್ದಿನ ಊರಿನ ಹೆಸರು ಹೇಳುವವರು ಮನೆ ತುಂಬ ಬರುತ್ತಾರೆ. ಜೇನು, ಕಲೋಂಜಿ, ದುಆ ಯಾವುದಕ್ಕೂ ನಾನು ಬೇಡ ಎನ್ನುವುದಿಲ್ಲ. ಬೇರು ಕಷಾಯ ಕೊಡುವುದಾದರೆ ಡಾಕ್ಟರಿಗೆ ತಿಳಿಸಿ ಕೊಡಿ. ಅದರ ನಂಬಿಕೆಯಲ್ಲಿ ಇಂಜೆಕ್ಷನ್ ತಪ್ಪಿಸಿದರೆ ಕಳೆದುಹೋದ ತಿಂಗಳು ತಿರುಗಿ ಬರುವುದಿಲ್ಲ.

ಈ ಔಷಧಿಯಿಂದ ಎಲುಬು ಸವೆಯುತ್ತದೆ. ಮಳೆಗಾಲದಲ್ಲಿ ಅಂಗಳದ ಪಾಚಿ, ಬಚ್ಚಲಿನ ಕಲ್ಲು ಉಜ್ಜಿಸಿಡಿ. ಮೂಟೆ ಎತ್ತಲು ಬಿಡಬೇಡಿ, ಆದರೆ ದಿನವೂ ಸ್ವಲ್ಪ ನಡೆಸಿ. ಒಂದನ್ನು ಮಾತ್ರ ಚೆನ್ನಾಗಿ ನೆನಪಿಡಿ. ಕಾಲುಗಳಲ್ಲಿ ಇದ್ದಕ್ಕಿದ್ದಂತೆ ಬಲ ಇಲ್ಲವಾದರೆ, ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಅದೇ ರಾತ್ರಿ ಹೊರಡಬೇಕು. ತಡವಾದರೆ ಮತ್ತೆ ನಡೆಯಲಾಗದೆ ಹೋಗಬಹುದು.

ನಿಮ್ಮ ಬಿಪಿ, ಸಕ್ಕರೆ ಮಾತ್ರೆಗಳನ್ನು ಮರೆಯಬೇಡಿ. ರಾತ್ರಿ ಏಳುವ ಸರದಿಯನ್ನು ಗಂಡುಮಕ್ಕಳಿಗೂ ಹಂಚಿ. ತಂದೆಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು, ಆದ್ದರಿಂದ 45 ದಾಟುವಾಗ ಅವರು ವೈದ್ಯರನ್ನು ಕಾಣಲಿ.

ನನ್ನ ಖಾಲಾ ಮುಂದಿನ ಇಂಜೆಕ್ಷನ್ನಿಗೆ ಹುಬ್ಬಳ್ಳಿಗೆ ಹೋದಾಗ ಮಗನನ್ನು ಬೆಂಚಿನಲ್ಲಿ ಕೂರಿಸಿ ತಾವೇ ಒಳಗೆ ಹೋದರು. ಬುರ್ಖಾದ ಒಳಗಿನಿಂದ ಚೀಟಿ ತೆಗೆದು ಒಂದೊಂದೇ ಕೇಳಿದರಂತೆ. ಖಾಲೂ ತಲೆ ತಗ್ಗಿಸಿ ಕುಳಿತಿದ್ದರು. ವಾಪಸು ಬರುವಾಗ ಕಿರವತ್ತಿ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಖಾಲೂ, "ನಿನಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ" ಎಂದರಂತೆ. ಖಾಲಾ ಏನೂ ಉತ್ತರಿಸಲಿಲ್ಲ. ಮನೆ ತಲುಪಿ ಇಶಾ ಮುಗಿಸಿ, ಹೊರಗಿನ ಕೋಣೆಯ ಹಾಸಿಗೆಯನ್ನು ಸುತ್ತಿ ಒಳಗೆ ತಂದು ಹಾಕಿದರು. ಮಗ್ಗುಲಲ್ಲಿ ಒಂದು ಬೀಸಣಿಗೆಯನ್ನೂ ಇಟ್ಟರು.