ಗಾಲಿಗೆ ಗಾಳಿ ಕಡಿಮೆಯಾದರೆ…

ಸೋದರಿಯರೇ, ಗಾಣಗಾಪುರದ ದತ್ತನ ದರ್ಶನಕ್ಕೋ, ಘತ್ತರಗಿಯ ಭಾಗ್ಯವಂತಿಗೆ ಉಡಿ ತುಂಬಲಿಕ್ಕೋ, ಆಳಂದ, ಜೇವರ್ಗಿ ಕಡೆಯ ಮದುವೆಗೋ ಕಾರಿನಲ್ಲಿ ಹೊರಡುವಾಗ ನಾವು ಏನೇನು ನೋಡುವುದಿಲ್ಲ! ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಯಿತೇ, ನೀರು ತುಂಬಿದ್ದಾಯಿತೇ ಎಂದು ಹತ್ತು ಸಲ ನೋಡುತ್ತೇವೆ. ಗಾಲಿಗೆ ಗಾಳಿ ಇದೆಯೇ ಎಂದು ಮಾತ್ರ ಕೇಳುವುದಿಲ್ಲ. “ಅದು ಗಂಡಸರ ಕೆಲಸ ಬಿಡ್ರಿ” ಎನ್ನುತ್ತೇವೆ. ಆದರೆ ಒಳಗೆ ಕೂರುವವರು ನಮ್ಮ ಮಕ್ಕಳು, ಮುದುಕರು ಅಲ್ಲವೇ?

ಗಾಳಿ ಕಡಿಮೆಯಾದ ಟಯರು ನೆಲಕ್ಕೆ ಒತ್ತಿಕೊಂಡು ಕೂರುತ್ತದೆ. ಗಾಡಿ ಓಡಿದಂತೆ ಅದರ ಪಕ್ಕ ಒಂದೇ ಸಮನೆ ಮಡಚುತ್ತ ಬಿಚ್ಚುತ್ತ ಇರುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆಯೇ ರಬ್ಬರೂ ಕಾಯುತ್ತದೆ. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ; ಡಾಂಬರು ಇನ್ನೂ ಹೆಚ್ಚು ಕಾದಿರುತ್ತದೆ. ಮೇಲೆ ಮಂದಿ, ಸಾಮಾನು, ವೇಗ ಎಲ್ಲ ಸೇರಿದರೆ ಟಯರು ಸಿಡಿಯುವ ಭಯ. ಬ್ರೇಕು ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿಗಳಿಗೆ ಇನ್ನೊಂದು ತೊಂದರೆ ಉಂಟು. ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಗಿಡ್ಡನಿದ್ದರೆ ಅವನು ಹೆಚ್ಚು ಹೆಜ್ಜೆ ಹಾಕಬೇಕು, ಉಳಿದವರಿಗೂ ಭಾರ ಏರುಪೇರು. ಗಾಳಿ ಇಳಿದ ಗಾಲಿಯೂ ಹಾಗೆಯೇ; ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಹಳೆಯ ಜೀಪಿನಲ್ಲಿ ಕೆಸರು ಬಂದಾಗಷ್ಟೇ ಲಿವರ್ ಎಳೆದು ನಾಲ್ಕೂ ಗಾಲಿಗೆ ಬಲ ಕೊಡುತ್ತಾರೆ. ಆದರೆ 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾ, ಹೈರೈಡರ್ ಕಾರುಗಳ ಕೆಲವು ಮಾದರಿಗಳಲ್ಲಿ ಗಾಲಿ ಜಾರುವುದನ್ನು ಗಾಡಿಯೇ ಕಂಡುಕೊಂಡು ಹಿಂದಿನ ಗಾಲಿಗಳಿಗೆ ಬಲ ಕಳಿಸುತ್ತದೆ. ಒಂದು ಗಾಲಿ ಸದಾ ಹೆಚ್ಚು ತಿರುಗುತ್ತಿದ್ದರೆ ಬಲ ಹಂಚುವ ಆ ಭಾಗಕ್ಕೆ ಬಿಡುವಿಲ್ಲದ ಕೆಲಸ. ಒಂದು ದಿನಕ್ಕೆ ಏನೂ ಆಗದು. ತಿಂಗಳುಗಟ್ಟಲೆ ಹೀಗೇ ಓಡಿಸಿದರೆ ಕಾದು ಸವೆಯುತ್ತದೆ. ಅದರ ರಿಪೇರಿ ಖರ್ಚಿನ ಮುಂದೆ ಗಾಳಿ ತುಂಬಿಸುವ ಖರ್ಚು ಯಾವ ಲೆಕ್ಕ? ಮೂರು ಸವೆದ ಟಯರಿನ ಜೊತೆ ಒಂದು ಹೊಸದು ಹಾಕಿದರೂ ಇದೇ ಪಾಡು.

ಭೀಮಾ ದಂಡೆಯ ಮರಳಿನಲ್ಲಿ ಗಾಡಿ ಹುಗಿದರೆ, “ಜರಾ ಗಾಳಿ ಇಳಸ್ರಿ, ಹೊರಗ ಬರ್ತದ” ಎನ್ನುವವರುಂಟು. ಮಾತು ಸುಳ್ಳಲ್ಲ. ಆದರೆ ಡಾಂಬರು ರಸ್ತೆ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು.

“ನಮ್ಮ ಕಾರಿನ್ಯಾಗ ದೀಪ ಹತ್ತತದ್ರಿ, ಚಿಂತಿ ಇಲ್ಲ” ಎಂದೂ ಕೆಲವರು ಹೇಳುತ್ತಾರೆ. ಕುದುರೆ ಲಾಳದಂಥ ಹಳದಿ ಗುರುತಿನ ಆ ದೀಪವನ್ನು ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದರು. ಆದರೆ ಅಲ್ಲಿನ ನಿಯಮದ ಪ್ರಕಾರ ಗಾಳಿ ನೂರಕ್ಕೆ 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. ಎಂದರೆ 33 ಇರಬೇಕಾದ ಕಡೆ ಸುಮಾರು 25ಕ್ಕೆ ಬರುವವರೆಗೂ ಅದು ಸುಮ್ಮನಿರಬಹುದು! ಹಾಲು ಉಕ್ಕಿದ ಮೇಲೆ ಒಲೆ ಆರಿಸಿದಂತೆ. ದೀಪ ಹತ್ತುವ ತನಕ ಕಾಯುವುದು ಬೇಡ.

ಇಷ್ಟು ನೆನಪಿಡಿ:

* ಎಷ್ಟು ಗಾಳಿ ಬೇಕೆಂಬುದನ್ನು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿ ಬರೆದಿರುತ್ತಾರೆ. ಹಿಂದೆ-ಮುಂದೆ ಬೇರೆ ಬೇರೆ ಇರಬಹುದು. ತುಂಬಾ ಮಂದಿ ಕೂತಾಗಿನ ಲೆಕ್ಕವೂ ಅಲ್ಲೇ ಇರುತ್ತದೆ. ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

* ಹದಿನೈದು ದಿನಕ್ಕೊಮ್ಮೆ, ದೂರದ ಊರಿಗೆ ಹೊರಡುವ ಮುಂಚೆಯೂ ನೋಡಿಸಿ. ಬೆಳಿಗ್ಗೆ ಟಯರು ತಣ್ಣಗಿರುವಾಗ ನೋಡಬೇಕು. ಓಡಿ ಬಂದ ಟಯರಿನಲ್ಲಿ ಅಂಕಿ ಹೆಚ್ಚು ತೋರಿತೆಂದು ಗಾಳಿ ಬಿಡಿಸಬೇಡಿ.

* ಚಳಿಗಾಲದಲ್ಲಿ ಮರೆಯಬೇಡಿ. ಹವೆ ಐದಾರು ಡಿಗ್ರಿ ತಣ್ಣಗಾದರೆ ಸುಮಾರು 1 ಅಂಕಿ ಗಾಳಿ ಇಳಿಯುತ್ತದೆ.

* ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ.

* ಪದೇಪದೇ ಒಂದೇ ಗಾಲಿಯ ಗಾಳಿ ಇಳಿದರೆ ಮೊಳೆ ಹೊಕ್ಕಿರಬಹುದು. ತುಂಬಿಸುತ್ತಲೇ ಇರದೆ ಪಂಕ್ಚರ್ ಅಂಗಡಿಯಲ್ಲಿ ತೋರಿಸಿ.

ಬುತ್ತಿ ಗಂಟಿನ ಜೊತೆಗೆ ಇದೊಂದು ಮಾತನ್ನೂ ಕೇಳಿಬಿಡಿ: “ಗಾಳಿ ನೋಡಿಸಿರೇನ್ರಿ?” ಇಲ್ಲವೆಂದರೆ ಕಾರು ಹತ್ತುವ ಅವಸರ ಬೇಡ. ದೇವರು ಹತ್ತು ನಿಮಿಷ ಕಾಯುತ್ತಾನೆ.