ರೈಲ್ವೆ ಅಪಘಾತಗಳ ಚೌಕಶಿ: ಆರೋಪಿಯೋ, ಕಾರಣವೋ?

ಚಿಕ್ಕೋಡಿಯವರು ಅಗಿನಗಾಡಿ ಹತ್ತಬೇಕಾದರೆ ಮೊದಲು ಮೋಟಾರು ಹತ್ತಬೇಕು. ಚಿಕ್ಕೋಡಿ ರೋಡ ಎಂಬ ಹೆಸರಿನ ಸ್ಟೇಶನ್ನು ಉಂಟು. ಆದರೆ ಅದು ಚಿಕ್ಕೋಡಿ ಊರಿನಲ್ಲಿಲ್ಲ. ನಿಪ್ಪಾಣಿಗೂ ಅಥಣಿಗೂ ಕಂಬಿಯೇ ಇಲ್ಲ. ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ, ಈ ಸಣ್ಣ ನಿಲ್ದಾಣಗಳೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನತೆಗೆ ದೂರದೇಶದ ಹೆಬ್ಬಾಗಿಲುಗಳು. ಮಗನನ್ನು ಬೆಂಗಳೂರಿನ ಕಾಲೇಜಿಗೆ ಕಳಿಸುವ ತಾಯಿಯೂ, ಮಿರಜೆಯ ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ರೈತನೂ ಈ ಹಳಿಯನ್ನು ನಂಬಿದ್ದಾರೆ. ಆ ನಂಬಿಕೆಗೆ ಆಧಾರವೇನೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ದೇವರ ದಯೆಯಿಂದ ಹಾಗಾಗದಿರಲಿ. ಆದರೆ ನಾಳೆ ಕೃಷ್ಣೆಯ ಸೇತುವೆಯ ಹತ್ತಿರ ಗಾಡಿಯೊಂದು ಹಳಿ ತಪ್ಪಿತೆಂದು ಇಟ್ಟುಕೊಳ್ಳೋಣ. ಮಂತ್ರಿಗಳು ಬರುವರು, ಪರಿಹಾರ ಸಾರುವರು, ಹೋಗುವರು. ಅವರೆಲ್ಲರೂ ಹೋದ ಮೇಲೆಯೂ ಅಲ್ಲಿ ಉಳಿಯತಕ್ಕ ಮನುಷ್ಯನೊಬ್ಬನಿದ್ದಾನೆ. ಆತನೇ ರೈಲ್ವೆ ಸುರಕ್ಷತಾ ಆಯುಕ್ತ. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದ ನಮ್ಮ ಮಾರ್ಗಕ್ಕೆ ಈತನು ಬೆಂಗಳೂರಿನಿಂದ ಬರುವನು. ಮಧ್ಯ ರೈಲ್ವೆಗೆ ಸೇರಿದ ಮಿರಜೆಯ ಅತ್ತಕಡೆಗೆ ಮುಂಬಯಿಯಿಂದ ಬೇರೊಬ್ಬನು ಬರುವನು. ಚೌಕಶಿಯ ತಂಡದ ಮುಖಂಡನಾಗಿ ಆತನು ಏನನ್ನು ಹುಡುಕಬೇಕು, ಹುಡುಕಿದ್ದನ್ನು ಯಾರಿಗೆ ಹೇಳಬೇಕು ಎಂಬುದೇ ಇಂದಿನ ನಮ್ಮ ವಿಚಾರ.

ಈ ಹುದ್ದೆಯ ಇತಿಹಾಸವನ್ನು ವಾಚಕರು ತಿಳಿದಿರುವದು ಒಳ್ಳೆಯದು. ಗಾಡಿ ಓಡಿಸುವವರೇ ಗಾಡಿ ಉರುಳಿದ್ದರ ಚೌಕಶಿ ಮಾಡಕೂಡದೆಂಬ ತತ್ತ್ವವನ್ನು ೧೯೩೫ರ ಭಾರತ ಸರಕಾರದ ಕಾಯದೆಯೇ ಒಪ್ಪಿಕೊಂಡಿತ್ತು. ೧೯೩೭ರ ಜುಲೈದಲ್ಲಿ ಪಾಟಣಾದ ಹತ್ತಿರ ಬಿಹಟಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ಬಳಿಕ ಈ ಕೂಗು ಬಲವಾಯಿತು. ೧೯೪೧ರ ಮೇದಲ್ಲಿ ರೈಲ್ವೆ ತಪಾಸಣಾ ವರ್ಗವನ್ನು ರೈಲ್ವೆ ಬೋರ್ಡಿನ ಕೈಯಿಂದ ಬಿಡಿಸಿ ಅಂಚೆ ಮತ್ತು ವಿಮಾನ ಇಲಾಖೆಗೆ ಕೊಟ್ಟರು. ೧೯೬೧ರಲ್ಲಿ ಅದಕ್ಕೆ ‘ರೈಲ್ವೆ ಸುರಕ್ಷತಾ ಆಯೋಗ’ವೆಂಬ ಹೆಸರು ಬಂದಿತು, ೧೯೬೭ರಿಂದ ಅದು ವಿಮಾನಯಾನ ಮಂತ್ರಾಲಯದ ಅಧೀನದಲ್ಲಿದೆ. ಉಗಿಬಂಡಿಯ ಚೌಕಶಿ ವಿಮಾನದವರ ಮನೆಯಲ್ಲೇಕೆಂದು ನಗುವವರಿಗೆ ಇದೇ ಉತ್ತರ: ತನ್ನ ತಪ್ಪಿಗೆ ತಾನೇ ನ್ಯಾಯಾಧೀಶನಾಗಬಾರದೆಂಬುದು ನ್ಯಾಯದ ಮೊದಲನೆಯ ಪಾಠ.

ಈಗ ಜಾರಿಯಲ್ಲಿರುವ ೧೯೮೯ರ ರೈಲ್ವೆ ಕಾಯದೆಯು ಆಯುಕ್ತನಿಗೆ ಸಾಕಷ್ಟು ಅಧಿಕಾರವನ್ನು ಕೊಟ್ಟಿದೆ. ಸಾಕ್ಷಿಗಳನ್ನು ಕರೆಸುವದು, ಪ್ರಮಾಣ ಮಾಡಿಸಿ ಕೇಳುವದು, ಕಾಗದಪತ್ರಗಳನ್ನು ತರಿಸುವದು, ಇವುಗಳಲ್ಲಿ ಆತನಿಗೆ ದಿವಾಣಿ ಕೋರ್ಟಿನ ಅಧಿಕಾರವಿದೆ. ಅದಕ್ಕಿಂತಲೂ ಮಹತ್ವದ್ದು ೧೧೭ನೆಯ ಕಲಮು. ಆಯುಕ್ತನ ಮುಂದೆ ಸಾಕ್ಷಿಯು ಆಡಿದ ಮಾತನ್ನು, ಅದು ಸುಳ್ಳು ಸಾಕ್ಷಿಯ ಖಟ್ಲೆಯಾಗಿದ್ದ ಹೊರತು, ಅವನ ವಿರುದ್ಧ ಯಾವ ದಿವಾಣಿ ಅಥವಾ ಫೌಜದಾರಿ ಖಟ್ಲೆಯಲ್ಲಿಯೂ ಉಪಯೋಗಿಸಲು ಬರುವದಿಲ್ಲ. ಈ ಕಲಮಿನ ಒಳಗುಟ್ಟನ್ನು ನಮ್ಮಂಥ ವಕೀಲರು ಚೆನ್ನಾಗಿ ಬಲ್ಲರು. ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ತುಳಿದವನಿಗೆ ಗೊತ್ತಿರುವ ಸತ್ಯವೊಂದುಂಟು: ಪಿಂಜರೆಯಲ್ಲಿ ನಿಂತವನು ಕಂಡದ್ದನ್ನು ಹೇಳುವದಿಲ್ಲ, ತನ್ನನ್ನು ಉಳಿಸುವದನ್ನು ಹೇಳುತ್ತಾನೆ. ಅಪಘಾತವಾದ ರಾತ್ರಿ ಸಿಗ್ನಲಿನ ಪೆಟ್ಟಿಗೆಯನ್ನು ಬಿಚ್ಚಿದ ನೌಕರನು ನಿಜವನ್ನು ನುಡಿಯಬೇಕಾದರೆ ಅವನ ಕೊರಳಿಗೆ ಹಗ್ಗ ತೋರಿಸಿ ಪ್ರಯೋಜನವಿಲ್ಲ.

ಆದುದರಿಂದಲೇ ಇಂಥ ತಂಡದ ಮುಖಂಡನ ಕೆಲಸ ಪೋಲೀಸನ ಕೆಲಸಕ್ಕಿಂತ ಭಿನ್ನವಾದದ್ದು. ಕ್ರೇನುಗಳು ಬಂದು ಡಬ್ಬಿಗಳನ್ನು ಎಳೆದುಹಾಕುವ ಮೊದಲು ಗಾಲಿಯ ಗುರುತನ್ನೂ ಮುರಿದ ಕಂಬಿಯ ತುಂಡನ್ನೂ ಆತನು ಕಾದಿರಿಸಬೇಕು. ಗಾಡಿಯ ವೇಗ ಬರೆದಿಟ್ಟ ಯಂತ್ರವನ್ನೂ, ಸ್ಟೇಶನ್ನಿನಲ್ಲಿ ಯಾವ ಕ್ಷಣಕ್ಕೆ ಯಾವ ಸಿಗ್ನಲು ಬಿದ್ದಿತೆಂಬ ದಾಖಲೆಯನ್ನೂ ಕೂಡಲೇ ತನ್ನ ಸ್ವಾಧೀನಕ್ಕೆ ತೆಗೆದುಕೊಳ್ಳಬೇಕು. ಹಳಿ ಕಾಯುವ ಗ್ಯಾಂಗಮನ್ನನಿಂದ ವಿಭಾಗದ ಮುಖ್ಯಾಧಿಕಾರಿಯ ವರೆಗೆ ಎಲ್ಲರನ್ನೂ ಒಂದೇ ತಾಳ್ಮೆಯಿಂದ ಕೇಳಬೇಕು. ‘ಚಾಲಕನ ತಪ್ಪು’ ಎಂಬ ಉತ್ತರ ಸಿಕ್ಕಿದಾಗ ಅದಕ್ಕೆ ತೃಪ್ತನಾಗದೆ, ಚಾಲಕನೇಕೆ ತಪ್ಪಿದನು, ಎಷ್ಟು ತಾಸು ದುಡಿದಿದ್ದನು, ತಪ್ಪಿದರೂ ಗಾಡಿಯನ್ನು ತಡೆಯತಕ್ಕ ಯಂತ್ರವೇಕೆ ಅಲ್ಲಿರಲಿಲ್ಲ ಎಂದು ಮುಂದುಮುಂದಕ್ಕೆ ಕೇಳುತ್ತ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚೌಕಶಿಯಿಂದ ಎತ್ತಂತೂ ಬದುಕುವದಿಲ್ಲ.

ಇಷ್ಟೆಲ್ಲ ಅಧಿಕಾರವಿದ್ದೂ ನಡೆಯುತ್ತಿರುವದೇನು? ಕರ್ನಾಟಕದಲ್ಲಿಯೇ ಆದ ಉದಾಹರಣೆಯನ್ನು ನೋಡೋಣ. ೨೦೨೩ರ ಫೆಬ್ರುವರಿ ೮ರಂದು ಬೀರೂರು-ಚಿಕ್ಕಜಾಜೂರು ಭಾಗದ ಹೊಸದುರ್ಗ ರೋಡ ನಿಲ್ದಾಣದಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸು ಹೊರಟಿತು. ಗಾಡಿಗೆ ದಾರಿ ಕೊಟ್ಟದ್ದು ಒಂದು ಹಳಿಗೆ. ಮುಂದೆ ಕೂಡುಹಳಿ ತಿರುಗಿದ್ದು ಮತ್ತೊಂದು ಹಳಿಗೆ. ಚಾಲಕನು ಕಣ್ಣಿಟ್ಟು ನೋಡಿ, ಆ ಸ್ಥಳಕ್ಕೆ ಮುಟ್ಟುವ ಮೊದಲೇ ಗಾಡಿ ನಿಲ್ಲಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣಾ ವ್ಯವಸ್ಥಾಪಕರು ಪತ್ರ ಬರೆದು, ಗಾಡಿ ಹೊರಟ ಮೇಲೆ ದಾರಿ ಬದಲಾಗುವಂಥ ಗಂಭೀರ ದೋಷವು ಸಿಗ್ನಲ್ ವ್ಯವಸ್ಥೆಯಲ್ಲಿದೆಯೆಂದೂ, ಕೂಡಲೇ ಸರಿಪಡಿಸದಿದ್ದರೆ ದೊಡ್ಡ ಅಪಘಾತಗಳಾದಾವೆಂದೂ ಎಚ್ಚರಿಸಿದರು.

ನಾಲ್ಕು ತಿಂಗಳು ಕಳೆಯಲಿಲ್ಲ. ಜೂನ್ ೨ರ ಸಾಯಂಕಾಲ ಓರಿಸ್ಸಾದ ಬಹಾನಗಾ ಬಜಾರ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ನೇರದಾರಿಯ ಹಸಿರು ಸಿಗ್ನಲು ಬಿದ್ದಿತು. ಕೂಡುಹಳಿ ಮಾತ್ರ ಪಕ್ಕದ ದಾರಿಗೆ ತಿರುಗಿತ್ತು. ಆ ದಾರಿಯಲ್ಲಿ ನಿಂತಿದ್ದ ಅದಿರಿನ ಗಾಡಿಗೆ ಅದು ಬಡಿಯಿತು. ಉರುಳಿದ ಡಬ್ಬಿಗಳು ನಮ್ಮ ಬೆಂಗಳೂರಿನಿಂದ ಹಾವಡಾಕ್ಕೆ ಹೋಗುತ್ತಿದ್ದ ಗಾಡಿಯ ಹಿಂಭಾಗಕ್ಕೆ ತಾಗಿದವು. ಸತ್ತವರು ೨೯೦ಕ್ಕೂ ಹೆಚ್ಚು. ಚೌಕಶಿ ಮಾಡಿದ ಆಯುಕ್ತರು ಕಂಡುಹಿಡಿದದ್ದೇನು? ಹಿಂದೆ ೨೦೧೮ರಲ್ಲಿಯೂ, ಬಳಿಕ ಗೇಟಿನ ಯಂತ್ರ ಬದಲಿಸುವಾಗಲೂ ಸಿಗ್ನಲಿನ ತಂತಿಗಳ ಜೋಡಣೆಯಲ್ಲಿ ಆದ ತಪ್ಪುಗಳು. ಅಷ್ಟೇ ಅಲ್ಲ, ೨೦೨೨ರ ಮೇ ೧೬ರಂದು ಅದೇ ಖರಗಪುರ ವಿಭಾಗದ ಬಾಂಕ್ರಾ ನಯಾಬಾಜ ನಿಲ್ದಾಣದಲ್ಲಿ ತಂತಿಯ ತಪ್ಪಿನಿಂದ ಇಂಥದೇ ಘಟನೆಯಾಗಿತ್ತು, ಆಗಲೇ ಸುಧಾರಣೆ ಮಾಡಿದ್ದರೆ ಬಹಾನಗಾದ ಅನಾಹುತ ಆಗುತ್ತಿರಲಿಲ್ಲವೆಂದು ಅವರು ಸ್ಪಷ್ಟವಾಗಿ ಬರೆದರು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲುಂಟು. ಇಲ್ಲಿಯಾದರೋ ಬಾಗಿಲು ತೆರೆದಿದೆಯೆಂದು ಕಾವಲುಗಾರನು ಎರಡು ಸಲ ಕೂಗಿದ್ದರೂ ಯಾರೂ ಏಳಲಿಲ್ಲ. ಹೊಸದುರ್ಗದಲ್ಲಿ ಹೆಣ ಬೀಳಲಿಲ್ಲವೆಂದೇ ಆ ಘಟನೆಗೆ ಬೆಲೆ ಬರಲಿಲ್ಲ. ಹೆಣಗಳ ಎಣಿಕೆಯಿಂದ ಚೌಕಶಿಯ ಮಹತ್ವವನ್ನು ಅಳೆಯುವ ಪದ್ಧತಿ ಇರುವ ವರೆಗೆ ನಮ್ಮ ಚೌಕಶಿಗಳೆಲ್ಲವೂ ಉತ್ತರಕ್ರಿಯೆಗಳೇ ಸರಿ. ತಪ್ಪಿದ ಅಪಘಾತದ ಚೌಕಶಿಯೇ ಎಲ್ಲಕ್ಕಿಂತ ಅಗ್ಗವಾದದ್ದು ಮತ್ತು ಫಲದಾಯಕವಾದದ್ದು. ಏಕೆಂದರೆ ಅದರಲ್ಲಿ ಸಾಕ್ಷಿಗಳೆಲ್ಲರೂ ಬದುಕಿರುತ್ತಾರೆ!

ಇದನ್ನು ನಮ್ಮ ಗಡಿನಾಡಿನವರು ಏಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು? ಮೊದಲು ಮೀಟರ್ ಗೇಜಿನದಾಗಿದ್ದು ಬಳಿಕ ಅಗಲಗೊಂಡ ನಮ್ಮ ಲೋಂಡಾ-ಮಿರಜ ಮಾರ್ಗವು ಇತ್ತೀಚಿನ ವರ್ಷಗಳಲ್ಲಿ ಜೋಡಿಹಳಿಯಾಗುತ್ತ ಬಂದಿದೆ; ವಿದ್ಯುತ್ತಿನ ಎಂಜಿನುಗಳೂ ಬಂದಿವೆ. ಕುಡಚಿಯಿಂದ ಬಾಗಲಕೋಟೆಯ ಕಡೆಗೆ ಹೊಸ ಮಾರ್ಗದ ಕೆಲಸವೂ ನಡೆದಿದೆ. ಇದೆಲ್ಲ ಸಂತೋಷದ ವಿಷಯವೇ. ಆದರೆ ಒಂದು ಹಳಿ ಎರಡಾಗುವಾಗ ಪ್ರತಿಯೊಂದು ಸ್ಟೇಶನ್ನಿನಲ್ಲಿಯೂ ಕೂಡುಹಳಿ, ಸಿಗ್ನಲು, ತಂತಿ, ಎಲ್ಲವೂ ಬದಲಾಗುತ್ತವೆ. ಬಹಾನಗಾದ ಮೂಲವೂ ಇಂಥ ಬದಲಾವಣೆಯ ಕೆಲಸದಲ್ಲಿಯೇ ಅಡಗಿತ್ತೆಂಬುದನ್ನು ಮರೆಯಬಾರದು. ಹೊಸ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಓಡುವ ಮೊದಲು ಆಯುಕ್ತರು ತಪಾಸಣೆ ಮಾಡುತ್ತಾರೆ, ನಿಜ. ಆದರೆ ತಪಾಸಣೆ ಮುಗಿದ ಮೇಲೆ ನಿತ್ಯದ ದುರಸ್ತಿಯಲ್ಲಿ ಆದ ಬದಲಾವಣೆಗಳನ್ನು ಮತ್ತೆ ಪರೀಕ್ಷಿಸುವವರಾರು? ಹೊಸದುರ್ಗದ ಪಾಠವನ್ನು ರಾಯಬಾಗಕ್ಕೂ ಚಿಕ್ಕೋಡಿ ರೋಡಕ್ಕೂ ಕುಡಚಿಗೂ ಕಲಿಸಲಾಗಿದೆಯೇ? ಈ ಪ್ರಶ್ನೆ ಕೇಳುವ ಹಕ್ಕು ಟಿಕೀಟು ಕೊಂಡ ಪ್ರತಿಯೊಬ್ಬನಿಗೂ ಇದೆ.

ಇಲ್ಲಿ ವಾಚಕರೊಬ್ಬರು ಆಕ್ಷೇಪಿಸಬಹುದು: ಹಾಗಾದರೆ ತಪ್ಪಿತಸ್ಥರಿಗೆ ಶಿಕ್ಷೆ ಬೇಡವೇ? ಬೇಡವೆಂದು ನಾವು ಹೇಳುವದಿಲ್ಲ. ಬೇಕೆಂದು ಹಳಿ ಕಿತ್ತವನಿಗೂ, ಕುಡಿದು ಗಾಡಿ ಓಡಿಸಿದವನಿಗೂ ಕಾಯದೆಯಿದೆ, ಕೋರ್ಟಿದೆ. ಆದರೆ ಆ ಕೆಲಸ ಬೇರೆ, ಈ ಕೆಲಸ ಬೇರೆ. ಬಹಾನಗಾದಲ್ಲಿ ಆಯುಕ್ತರ ಚೌಕಶಿ ನಡೆದಿದ್ದಾಗಲೇ ಸಿ.ಬಿ.ಐ.ಯವರೂ ಕಾಲಿಟ್ಟು, ೨೦೨೩ರ ಜುಲೈದಲ್ಲಿ ಮೂವರು ನೌಕರರನ್ನು ಬಂಧಿಸಿದರು. ಒಂದು ಕೋಣೆಯಲ್ಲಿ ‘ಅಂಜದೆ ಹೇಳು’ ಎನ್ನುವವನು, ಪಕ್ಕದ ಕೋಣೆಯಲ್ಲಿ ಬೇಡಿ ಹಿಡಿದು ಕುಳಿತವನು! ಹೀಗಿದ್ದರೆ ೧೧೭ನೆಯ ಕಲಮಿನ ಅಭಯಕ್ಕೆ ಅರ್ಥವೆಲ್ಲಿ ಉಳಿಯಿತು? ೧೯೫೬ರ ನವೆಂಬರದಲ್ಲಿ ಅರಿಯಲೂರಿನ ಅಪಘಾತವಾದಾಗ ಮಂತ್ರಿಗಳಾಗಿದ್ದ ಲಾಲಬಹಾದ್ದೂರ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ಅಧಿಕಾರ ಬಿಟ್ಟರು. ಆ ಶೀಲಕ್ಕೆ ನಾವು ತಲೆಬಾಗುತ್ತೇವೆ. ಆದರೆ ಮಂತ್ರಿಯ ತ್ಯಾಗದಿಂದಾಗಲಿ ಗ್ಯಾಂಗಮನ್ನನ ಸೆರೆಯಿಂದಾಗಲಿ ಸೇತುವೆ ಗಟ್ಟಿಯಾಗುವದಿಲ್ಲ; ಕಾರಣ ತಿಳಿದು ದುರಸ್ತಿ ಮಾಡಿದರೆ ಮಾತ್ರ ಆಗುವದು.

ಎರಡನೆಯ ಮಾತು, ವರದಿಯದು. ಬಹಾನಗಾದ ವರದಿಯನ್ನು, ತನಿಖೆ ನಡೆದಿದೆಯೆಂದು ಹೇಳಿ, ರೈಲ್ವೆಯವರು ಬಹಿರಂಗಗೊಳಿಸಲಿಲ್ಲ. ಅದರ ಸಾರಾಂಶವು ಪತ್ರಿಕೆಗಳಿಂದಲೂ ರಾಜ್ಯಸಭೆಯ ಉತ್ತರದಿಂದಲೂ ಜನತೆಗೆ ತಿಳಿಯಬೇಕಾಯಿತು. ಮುಚ್ಚಿದ ವರದಿಯಿಂದ ಸಂಶಯ ಬೆಳೆಯುತ್ತದೆ. ೧೯೮೮ರ ಜುಲೈ ೮ರಂದು ಬೆಂಗಳೂರಿನಿಂದ ಕೇರಳಕ್ಕೆ ಹೊರಟ ಐಲ್ಯಾಂಡ ಎಕ್ಸ್‌ಪ್ರೆಸ್ಸು ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದು ೧೦೫ ಜನ ತೀರಿಕೊಂಡರು. ಸುಂಟರಗಾಳಿಯೇ ಕಾರಣವೆಂದು ಆಯುಕ್ತರು ನಿರ್ಣಯಿಸಿದರು. ಆ ನಿರ್ಣಯವನ್ನು ಆ ಊರಿನವರು ಇಂದಿಗೂ ಮನಸಾರೆ ಒಪ್ಪಿಲ್ಲ. ನಿರ್ಣಯ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಜನರ ಮನಸ್ಸನ್ನು ಒಪ್ಪಿಸಲಾರದ ಚೌಕಶಿಯು ಅರ್ಧ ಚೌಕಶಿಯೇ.

ಇನ್ನು ಭಾಷೆಯ ಪ್ರಶ್ನೆ. ಉಗಾರದ ಹತ್ತಿರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವನು ಗಾಡಿ ಉರುಳಿದ್ದನ್ನು ಕಣ್ಣಾರೆ ಕಂಡನೆಂದು ತಿಳಿಯೋಣ. ಅವನು ಹೇಳತಕ್ಕದ್ದು ಕನ್ನಡದಲ್ಲಿ. ಗಡಿಯ ಕೆಲವರು ಹೇಳತಕ್ಕದ್ದು ಮರಾಠಿಯಲ್ಲಿ. ಅದು ಬರಹಕ್ಕಿಳಿಯುವದು ಇಂಗ್ಲೀಷಿನಲ್ಲಿ. ತನ್ನ ಮಾತು ಏನಾಯಿತೆಂದು ಅವನು ಹೇಗೆ ತಿಳಿಯಬೇಕು? ಸಾಕ್ಷಿ ಹೇಳಲು ಬನ್ನಿರೆಂಬ ಪ್ರಕಟನೆಯೂ, ಸಾಕ್ಷಿಯ ಬರಹವೂ, ಕೊನೆಯ ವರದಿಯೂ ಆ ನೆಲದ ಜನರ ನುಡಿಯಲ್ಲಿರಬೇಕೆಂದು ಕೇಳುವದು ಭಾಷಾಭಿಮಾನದ ಹಟವಲ್ಲ; ಅದು ಸಾಕ್ಷಿಯ ಶುದ್ಧಿಗೆ ಬೇಕಾದ ಮಾತು.

ಬ್ರಿಟನ್ನಿನಲ್ಲಿ ೧೯೯೯ರ ಅಕ್ಟೋಬರದಲ್ಲಿ ಲ್ಯಾಡಬ್ರೋಕ್ ಗ್ರೋವದ ಡಿಕ್ಕಿಯಲ್ಲಿ ೩೧ ಜನ ಸತ್ತರು. ಆ ಬಳಿಕ ಅಲ್ಲಿಯವರು ಸ್ವತಂತ್ರವಾದ ಅಪಘಾತ ಚೌಕಶಿ ಶಾಖೆಯನ್ನು ಕಟ್ಟಿ ೨೦೦೫ರಲ್ಲಿ ಕೆಲಸಕ್ಕೆ ಹಚ್ಚಿದರು. ಯಾರ ಮೇಲೆಯೂ ದೋಷ ಹೊರಿಸದೆ ಕಾರಣವನ್ನು ಮಾತ್ರ ಹುಡುಕುವದು, ಹುಡುಕಿದ್ದನ್ನು ಲೋಕಕ್ಕೆಲ್ಲ ಪ್ರಕಟಿಸುವದು ಅದರ ಧರ್ಮ. ನಮ್ಮಲ್ಲಿಯಾದರೋ ಆಯುಕ್ತರಾಗಿ ಬರುವವರು ಬಹುಮಟ್ಟಿಗೆ ರೈಲ್ವೆಯ ಅಧಿಕಾರಿಗಳೇ. ಅವರ ಸಲಹೆಗಳನ್ನು ಒಪ್ಪುವದೂ ಬಿಡುವದೂ ರೈಲ್ವೆ ಬೋರ್ಡಿನ ಇಚ್ಛೆ. ಕಾಯದೆಯಿಂದ ಸ್ಥಾಪಿತವಾದ ಸ್ವತಂತ್ರ ಸುರಕ್ಷತಾ ಪ್ರಾಧಿಕಾರ ಬೇಕೆಂದು ಅನಿಲ ಕಾಕೋಡಕರರ ಸಮಿತಿಯು ೨೦೧೨ರಲ್ಲಿಯೇ ಹೇಳಿತು. ರೈಲ್ವೆಯವರು ತಾವೇ ಮಾಡುವ ಚೌಕಶಿಗಳ ಸ್ಥಿತಿಯನ್ನು ಲೆಕ್ಕ ಪರಿಶೋಧಕರ ೨೦೨೨ರ ವರದಿಯು ಬಯಲಿಗಿಟ್ಟಿದೆ: ಹಳಿ ತಪ್ಪಿದ ಪ್ರಕರಣಗಳಲ್ಲಿ ನೂರಕ್ಕೆ ೬೩ರಲ್ಲಿ ಚೌಕಶಿಯ ವರದಿಗಳು ನಿಯಮಿತ ಅವಧಿಯಲ್ಲಿ ಸಲ್ಲಲಿಲ್ಲ, ನೂರಕ್ಕೆ ೪೯ರಲ್ಲಿ ಅವುಗಳನ್ನು ಸ್ವೀಕರಿಸುವದಕ್ಕೂ ವಿಳಂಬವಾಯಿತು.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟೆ. ಜೀವಹಾನಿಯಾಗದಿದ್ದರೂ ಗಾಡಿ ತಪ್ಪುದಾರಿ ಹಿಡಿದ ಪ್ರತಿಯೊಂದು ಘಟನೆಯ ಚೌಕಶಿಯು ಆಯುಕ್ತರಿಂದಲೇ ಆಗಲಿ. ಚೌಕಶಿಯ ಮುಖಂಡನು ಕಾರಣವನ್ನು ಕಂಡುಹಿಡಿಯುವ ವರೆಗೆ ಪೋಲೀಸರ ಕೈ ಸಾಕ್ಷಿಗಳ ಮೇಲೆ ಬೀಳದಿರಲಿ. ವರದಿಯು ಅವಧಿಯೊಳಗೆ, ಪೂರ್ಣವಾಗಿ, ಕನ್ನಡದಲ್ಲಿಯೂ ಪ್ರಕಟವಾಗಲಿ. ಅದರ ಸಲಹೆಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನೂ ರೈಲ್ವೆ ಬೋರ್ಡು ಬರೆದು ತಿಳಿಸಲಿ. ನಮ್ಮ ಐದು ತಾಲೂಕುಗಳ ಲೋಕಸಭಾ ಸದಸ್ಯರು ಹೊಸ ಗಾಡಿಗಾಗಿ, ಹೊಸ ನಿಲುಗಡೆಗಾಗಿ ಮನವಿ ಕೊಡುವಾಗ ಈ ನಾಲ್ಕು ಮಾತುಗಳನ್ನೂ ಸೇರಿಸಿ ಕೇಳಲಿ.

ಹೊಸದುರ್ಗದ ಆ ಚಾಲಕನು ಗಾಡಿ ನಿಲ್ಲಿಸಿ ತನ್ನ ಕರ್ತವ್ಯವನ್ನು ಮಾಡಿದನು. ಅದಕ್ಕೆ ಕಾರಣವೇನೆಂದು ಕೇಳಿ, ಉತ್ತರ ಬರುವ ವರೆಗೆ ಸುಮ್ಮನಿರದಿರುವದು ನಮ್ಮೆಲ್ಲರ ಕರ್ತವ್ಯ. ಇಂದು ಸಂಜೆ ರಾಯಬಾಗದ ಕಟ್ಟೆಯ ಮೇಲೆ ಗಾಡಿಗಾಗಿ ಕಾಯುವವರು ದೂರದಲ್ಲಿ ಹಸಿರು ದೀಪ ಕಂಡಾಗ, ಆ ದೀಪ ನಿಜ ಹೇಳುತ್ತಿದೆಯೇ ಎಂದು ಒಮ್ಮೆ ಯೋಚಿಸಲಿ.