ಹೇಳಿ ಮಾಡಿಸಿದ ಹಡಗು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಕ್ಷತ್ರನೌಕೆಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಗಾದೆಗೆ ಮೂರನೆಯ ಪಾದವೊಂದು ಸೇರುತ್ತಿತ್ತು. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆಯ ನಕ್ಷೆ ಬರೆಸಿದ ಗೃಹಸ್ಥರಿಗೆಲ್ಲ ಈ ಸಂಕಟ ಗೊತ್ತಿದೆ. ದೇವರ ಮನೆ ಅರ್ಧ ಅಡಿ ಬೆಳೆದರೆ ಅಡಿಗೆಮನೆ ಅರ್ಧ ಅಡಿ ಕುಗ್ಗುತ್ತದೆ. ಕಾರಿಗೆ ಜಾಗ ಬಿಟ್ಟರೆ ತುಳಸಿಕಟ್ಟೆಗೆ ಬಿಸಿಲು ತಪ್ಪುತ್ತದೆ. ಗೋಡೆಯಾಚೆಗೆ ಒಂದು ಅಂಗುಲ ಸರಿಯುವಂತಿಲ್ಲ. ಇದೇ ಸಂಕಟವನ್ನು ಹಣ ಕೊಟ್ಟು ಕೊಂಡು, ಸಂತೋಷದಿಂದ ಅನುಭವಿಸುವ ಆಟವೊಂದು ಜಗತ್ತಿನಲ್ಲಿ ಇದೆ.

ವೈಟ್‌ಫೀಲ್ಡಿನ ಬಹುಮಹಡಿ ಕಟ್ಟಡವೊಂದರಲ್ಲಿ, ಭಾನುವಾರ ಸಂಜೆ, ಊಟದ ಮೇಜಿನ ಸುತ್ತ ನಾಲ್ವರು ತರುಣರು ಕುಳಿತಿರುವುದಾಗಿ ವಾಚಕರು ಊಹಿಸಿಕೊಳ್ಳಬಹುದು. ಮೇಜಿನ ಮೇಲೆ ಕಾಗದ, ಪೆನ್ಸಿಲು, ರಬ್ಬರು, ಎರಡು ದಾಳಗಳು. ಗಣಕಯಂತ್ರಗಳ ನಡುವೆ ವಾರವೆಲ್ಲ ದುಡಿಯುವವರು ರಜೆಯ ದಿನ ಕೂಡಿಸುವ ಕಳೆಯುವ ಲೆಕ್ಕವನ್ನು ಕೈಯಲ್ಲಿ ಮಾಡುತ್ತಿರುವುದೇ ಒಂದು ಸೋಜಿಗ. ಅವರು ಆಡುತ್ತಿರುವುದು ‘ಟ್ರಾವೆಲರ್’ ಎಂಬ ಆಟ. ಅಮೆರಿಕದ ಮಾರ್ಕ್ ಮಿಲ್ಲರ್ ಎಂಬಾತ ರಚಿಸಿದ್ದು. 1977ರಲ್ಲಿ ಮೂರು ಸಣ್ಣ ಕಪ್ಪು ಹೊದಿಕೆಯ ಪುಸ್ತಕಗಳಾಗಿ ಹೊರಬಂದಿತು. ಇದರಲ್ಲಿ ಚೌಕದ ಹಾಸಿಲ್ಲ, ಕಾಯಿಯಿಲ್ಲ, ಸೋಲು ಗೆಲುವು ಕೂಡ ಇಲ್ಲ. ಒಬ್ಬರು ಸೂತ್ರಧಾರರು, ಉಳಿದವರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲಿಯೇ ಕಥೆ ನಡೆಸುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ಬಯಲಾಟದ ಚೌಕಿಯಲ್ಲಿ ಬೆಳೆದ ನಾಡಿಗೆ ಇದು ತೀರ ಅಪರಿಚಿತವಾದ ಕಲೆಯೇನೂ ಅಲ್ಲ.

ಆ ಮೂರರಲ್ಲಿ ಎರಡನೆಯ ಪುಸ್ತಕಕ್ಕೆ ‘ನಕ್ಷತ್ರನೌಕೆಗಳು’ ಎಂದೇ ಹೆಸರು. ಅದರಲ್ಲಿನ ಕೋಷ್ಟಕಗಳನ್ನು ಹಿಡಿದು ಆಟಗಾರರು ತಮಗೆ ಬೇಕಾದ ನೌಕೆಯನ್ನು ಹೇಳಿ ಮಾಡಿಸಿಕೊಳ್ಳಬಹುದು. ಮೊದಲು ಒಡಲು: ಇನ್ನೂರು ಟನ್ನು ಎನ್ನಿ. ಇಲ್ಲಿ ಟನ್ನು ತೂಕವಲ್ಲ, ಜಾಗ. ಒಂದು ಟನ್ನು ದ್ರವ ಜಲಜನಕ ಹಿಡಿಸುವಷ್ಟು, ಎಂದರೆ ಸುಮಾರು 14 ಘನಮೀಟರು. ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯುವ ಯಂತ್ರಕ್ಕೆ 10 ಟನ್ನು ಹೋಯಿತು. ಹತ್ತಿರದ ಸಂಚಾರದ ಯಂತ್ರಕ್ಕೆ 1, ವಿದ್ಯುತ್ತಿನ ಸ್ಥಾವರಕ್ಕೆ 4, ಇಂಧನಕ್ಕೆ 30, ಚಾಲಕರ ಕೊಠಡಿಗೆ 20, ಗಣಕಕ್ಕೆ 1. ನಾಲ್ಕು ಮಂದಿ ಸಿಬ್ಬಂದಿ ಮತ್ತು ಆರು ಪ್ರಯಾಣಿಕರಿಗೆ ಹತ್ತು ಕೋಣೆಗಳು, ತಲಾ ನಾಲ್ಕು ಟನ್ನಿನಂತೆ 40. ಬಡ ಪ್ರಯಾಣಿಕರನ್ನು ಹಿಮನಿದ್ರೆಯಲ್ಲಿ ಮಲಗಿಸಿ ಒಯ್ಯುವ ಇಪ್ಪತ್ತು ಪೆಟ್ಟಿಗೆಗಳಿಗೆ 10. (ಇವರು ಊರು ತಲುಪಿದ ಮೇಲೆ ಕಣ್ಣು ತೆರೆಯುವರೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು, ಅಗ್ಗದ ಟಿಕೆಟ್ಟಿನ ಪಾಡು ಎಲ್ಲ ಲೋಕಗಳಲ್ಲಿಯೂ ಒಂದೇ.) ಎರಡು ತೋಪುಗಳ ನಿಯಂತ್ರಣಕ್ಕೆ 2. ಉಳಿದದ್ದು 82 ಟನ್ನು, ಅದು ಸರಕಿಗೆ.

“ಅಕ್ಕಾ, ಒಂದು ನೆಗೆತಕ್ಕೆ ಎರಡು ಪಾರ್ಸೆಕ್ ಹೋಗುವ ಹಾಗೆ ಮಾಡಿಬಿಡೋಣ,” ಎನ್ನುತ್ತಾನೆ ಕಿರಿಯವನು. ಪಾರ್ಸೆಕ್ ಎಂದರೆ ಬೆಳಕು ಸುಮಾರು ಮೂರು ಕಾಲು ವರ್ಷದಲ್ಲಿ ಕ್ರಮಿಸುವ ದೂರ.

“ಮಾಡೋ. ಆದರೆ ರಬ್ಬರನ್ನು ನೀನೇ ಇಟ್ಟುಕೋ,” ಎನ್ನುತ್ತಾಳೆ ಸೂತ್ರಧಾರಿಣಿಯಾದ ಅಕ್ಕ.

ಅಳಿಸುವ ಕೆಲಸ ಆರಂಭವಾಗುತ್ತದೆ. ದೊಡ್ಡ ನೆಗೆತಕ್ಕೆ ದೊಡ್ಡ ಯಂತ್ರ, 10ಕ್ಕೆ ಬದಲು 15 ಟನ್ನು. ಯಂತ್ರ ದೊಡ್ಡದಾದರೆ ವಿದ್ಯುತ್ ಸ್ಥಾವರ 4ರಿಂದ 7ಕ್ಕೆ ಏರಬೇಕು. ಇಂಧನ 30ರಿಂದ 60ಕ್ಕೆ. ಒಡಲಂತೂ ಇನ್ನೂರನ್ನು ಮೀರುವಂತಿಲ್ಲ. ಆದಕಾರಣ ಸರಕಿನ ಜಾಗ 82ರಿಂದ 44ಕ್ಕೆ ಇಳಿಯುತ್ತದೆ. ಹುಡುಗನ ಉತ್ಸಾಹವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಏಕೆಂದರೆ ಸರಕಿನ ಬಾಡಿಗೆಯಿಂದಲೇ ಸಾಲದ ಕಂತು ತೀರಬೇಕು.

ಹೌದು, ಸಾಲ. ಈ ಆಟದ ಕರ್ತೃವನ್ನು ಮೆಚ್ಚಬೇಕಾದದ್ದು ಇಲ್ಲಿಯೇ. ಮೊದಲು ಹೇಳಿದ ಇನ್ನೂರು ಟನ್ನಿನ ನೌಕೆಯ ಬಿಡಿಭಾಗಗಳ ಬೆಲೆಯನ್ನು, ಗಾಳಿಯನ್ನು ಸೀಳುವಂತೆ ಒಡಲನ್ನು ನುಣುಪಾಗಿಸುವ ವೆಚ್ಚವನ್ನೂ ಸೇರಿಸಿ ಕೂಡಿದರೆ 4 ಕೋಟಿ 12 ಲಕ್ಷ ‘ಕ್ರೆಡಿಟ್’ ಆಗುತ್ತದೆ. ಸಿದ್ಧ ಮಾದರಿಯನ್ನೇ ಕೊಂಡರೆ ನೂರಕ್ಕೆ ಹತ್ತು ಸೋಡಿ: 3 ಕೋಟಿ 70 ಲಕ್ಷ 80 ಸಾವಿರ. ಹೇಳಿ ಮಾಡಿಸುವುದಾದರೆ ಸೋಡಿ ಇಲ್ಲ. ಮೇಲಾಗಿ ನಕ್ಷೆ ಬರೆಯುವ ಶಿಲ್ಪಿಗೆ ನೂರಕ್ಕೆ ಒಂದರಂತೆ ಸಂಭಾವನೆ. ಸಿದ್ಧ ಮಾದರಿಗೇ ಬೆಲೆಯ ಐದನೆಯ ಒಂದು ಪಾಲನ್ನು ಮುಂಗಡ ಕಟ್ಟಿ, ಉಳಿದುದಕ್ಕೆ ತಿಂಗಳಿಗೆ 1,54,500ರಂತೆ ನಲವತ್ತು ವರ್ಷ ಕಂತು ಕಟ್ಟಬೇಕು. ಲೆಕ್ಕ ಮುಗಿಯುವಾಗ ನೌಕೆಯ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಹಣ ಕೈಬಿಟ್ಟಿರುತ್ತದೆ. ಸರಕಿನ ಬಾಡಿಗೆ ಟನ್ನಿಗೆ ಸಾವಿರ. ಒಂದು ನೆಗೆತಕ್ಕೆ ಒಂದು ವಾರ ಹಿಡಿಯುತ್ತದೆ. ಇಳಿಸಿ ಏರಿಸುವ ಕಾಲವೂ ಸೇರಿ ತಿಂಗಳಿಗೆ ಎರಡೇ ಪ್ರಯಾಣ. 82 ಟನ್ನೂ ತುಂಬಿದರೆ ತಿಂಗಳ ಬಾಡಿಗೆ 1,64,000. ಕಂತು ಕಳೆದು ಉಳಿಯುವ ಒಂಬತ್ತೂವರೆ ಸಾವಿರದಲ್ಲಿ ನಾಲ್ವರ ಸಂಬಳವೂ ಹುಟ್ಟುವುದಿಲ್ಲ. ಪ್ರಯಾಣಿಕರು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಕ್ಷತ್ರಗಳ ನಡುವೆ ವೀರರಾಗಿ ವಿಹರಿಸಲು ಹೊರಟವರು ಹೀಗೆ ಮೊದಲ ಸಂಜೆಯೇ ತಮ್ಮ ಫ್ಲ್ಯಾಟಿನ ಕಂತಿನ ಚಿಂತೆಗೆ ಮರಳಿ ಬಂದು ಕೂರುತ್ತಾರೆ. ಪುಕ್ಕಟೆಯಾಗಿ ಸಿಕ್ಕುವ ಅದ್ಭುತ ನೌಕೆಯಾದರೆ ಯಾವ ಕಥೆಯೂ ಹುಟ್ಟುತ್ತಿರಲಿಲ್ಲ. ಸಾಲವಿರುವುದರಿಂದಲೇ ಕೆಟ್ಟ ಸರಕನ್ನು ಒಪ್ಪಬೇಕು, ಕೆಟ್ಟ ಊರಿಗೆ ಹೋಗಬೇಕು.

ಈ ಆಟದ ಪುಸ್ತಕ ಅಮೆರಿಕದಲ್ಲಿ ಅಚ್ಚಾಗುವುದಕ್ಕೆ ಐದು ವರ್ಷ ಮುಂಚೆ, ವೈಟ್‌ಫೀಲ್ಡಿಗೆ ಬೆಂಗಳೂರಿನ ಇನ್ನೊಂದು ಅಂಚಿನಲ್ಲಿ, ಇದೇ ಬಗೆಯ ಲೆಕ್ಕವನ್ನು ಆಟಕ್ಕಲ್ಲದೆ ನಿಜಕ್ಕೇ ಹಾಕಲು ಕೆಲವರು ಕುಳಿತಿದ್ದರು. ಆ ಸ್ಥಳ ಪೀಣ್ಯದ ಕೈಗಾರಿಕಾ ವಸಾಹತು. ಭಾರತ ಮಾಡುವ ಉಪಗ್ರಹವನ್ನು ತನ್ನ ರಾಕೆಟ್ಟಿನಿಂದ ಹಾರಿಸಿಕೊಡಲು ಸೋವಿಯತ್ ಒಕ್ಕೂಟ ಒಪ್ಪಿ, 1972ರ ಮೇ ತಿಂಗಳಲ್ಲಿ ಒಡಂಬಡಿಕೆಯಾಯಿತು. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರು ಮುಂದಾಳು. ವಿಮಾನ ಕಾರ್ಖಾನೆ, ಟಾಟಾ ವಿಜ್ಞಾನ ಮಂದಿರಗಳಿರುವ ಬೆಂಗಳೂರೇ ಈ ಕೆಲಸಕ್ಕೆ ತಕ್ಕ ಊರೆಂದು ಅವರು ನಿಶ್ಚಯಿಸಿದರು. ಆದರೆ ದೊರೆತದ್ದು ಆಸ್‌ಬೆಸ್ಟಾಸ್ ಹೊದಿಕೆಯ ಕೆಲವು ಶೆಡ್ಡುಗಳು. ಕಬ್ಬಿಣ ಕಡೆಯುವ, ತಿರುಪು ಕೊರೆಯುವ ನೆರೆಹೊರೆಯ ನಡುವೆ, ಧೂಳಿನ ಕಣವೂ ಸುಳಿಯಬಾರದ ಕೋಣೆಗಳನ್ನು ಆ ಶೆಡ್ಡುಗಳೊಳಗೇ ಕಟ್ಟಿಕೊಂಡರು. ರಾಯರು ಅಮೆರಿಕದಲ್ಲಿದ್ದಾಗ ವ್ಯೋಮನೌಕೆಗಳ ಪ್ರಯೋಗಗಳಲ್ಲಿ ಕೆಲಸ ಮಾಡಿದವರು. ಅವರ ತಂಡದ ಹೆಚ್ಚಿನ ತರುಣರಾದರೋ ಉಪಗ್ರಹವನ್ನು ಚಿತ್ರದಲ್ಲಿ ಮಾತ್ರ ಕಂಡವರು.

ಇವರ ಒಡಲು ಇನ್ನೂರು ಟನ್ನಿನದಲ್ಲ, 360 ಕಿಲೋಗ್ರಾಮು. ಅಗಲ ಒಂದೂವರೆ ಗಜಕ್ಕಿಂತ ತುಸು ಹೆಚ್ಚು ದೂರ, ಎಂದರೆ 1.4 ಮೀಟರು, ಮೂವರು ತೋಳು ಚಾಚಿ ಕೈಹಿಡಿದರೆ ಅಪ್ಪಿಕೊಳ್ಳಬಹುದಾದಷ್ಟು ದಪ್ಪದ ಗುಂಡು. ಆದರೆ ನುಣ್ಣನೆಯ ಗುಂಡಲ್ಲ. ಬಿಸಿಲನ್ನು ವಿದ್ಯುತ್ತಾಗಿಸುವ ಕೋಶಗಳು ಚಪ್ಪಟೆಯಾದುವು. ಉಪಗ್ರಹವೋ ತಿರುಗುತ್ತಲೇ ಇರಬೇಕಾದುದು. ಯಾವ ಕಡೆಯಿಂದ ಬಿಸಿಲು ಬಿದ್ದರೂ ವಿದ್ಯುತ್ತು ಹುಟ್ಟಬೇಕಾದರೆ ಮೈಯೆಲ್ಲ ಮುಖವಾಗಬೇಕು. ಹೀಗೆ ಇಪ್ಪತ್ತಾರು ಮುಖಗಳ ರೂಪ ಬಂದಿತು. ಮೇಲಿನ ಮತ್ತು ಕೆಳಗಿನ ಮುಖಗಳನ್ನು ಬಿಟ್ಟು ಉಳಿದ ಇಪ್ಪತ್ತನಾಲ್ಕಕ್ಕೆ ಕೋಶಗಳನ್ನು ಹೊದಿಸಿದರು. ಇಷ್ಟೆಲ್ಲ ಸಾಹಸದಿಂದ ದೊರೆತ ಶಕ್ತಿ 46 ವ್ಯಾಟು. ಹಿಂದಿನ ಕಾಲದ 60 ವ್ಯಾಟಿನ ಬಲ್ಬೊಂದನ್ನು ಉರಿಸಲೂ ಅದು ಸಾಲದು. ಆಟದಲ್ಲಿ ಟನ್ನಿಗೆ ಇರುವ ಜಗ್ಗಾಟ ಪೀಣ್ಯದಲ್ಲಿ ವ್ಯಾಟಿಗೆ, ಗ್ರಾಮಿಗೆ ಇತ್ತು. ಭೂಮಿಗೆ ಸುದ್ದಿ ಕಳುಹಿಸುವ ಯಂತ್ರ, ಆಜ್ಞೆ ಸ್ವೀಕರಿಸುವ ಯಂತ್ರ, ನೆರಳಿನಲ್ಲಿರುವಾಗ ಬಳಸುವ ಬ್ಯಾಟರಿ, ಮೈಯನ್ನು ತಿರುಗಿಸುವ ಅನಿಲದ ಸೀಸೆಗಳು, ಇವೆಲ್ಲದರ ಜೊತೆಗೆ ಮೂರು ವೈಜ್ಞಾನಿಕ ಪ್ರಯೋಗಗಳು. ಆಕಾಶದಿಂದ ಬರುವ ಎಕ್ಸ್ ಕಿರಣಗಳ ಶೋಧ ಒಂದು. ಸೂರ್ಯನಿಂದ ಹೊರಡುವ ನ್ಯೂಟ್ರಾನು, ಗ್ಯಾಮಾ ಕಿರಣಗಳದು ಇನ್ನೊಂದು. ಮೇಲಣ ವಾಯುಮಂಡಲದ್ದು ಮೂರನೆಯದು.

ಜಾಗದ ಬಡತನ ನೆಲದ ಮೇಲೆಯೂ ಇತ್ತು. ಬೆಂಗಳೂರಿನಲ್ಲಿ ಉಪಗ್ರಹದ ಸುದ್ದಿಯನ್ನು ಹಿಡಿಯುವ ಕೇಂದ್ರಕ್ಕೆ ಸ್ಥಳ ಸಾಲದೆ ಶೌಚಾಲಯವೊಂದನ್ನೇ ಅದಕ್ಕೆ ಬದಲಾಯಿಸಿಕೊಂಡ ಸಂಗತಿಯನ್ನು ರಾಯರೇ ಮುಂದೆ ನಗುತ್ತ ಹೇಳಿಕೊಂಡಿದ್ದುಂಟು.

1975ರ ಏಪ್ರಿಲ್ 19ರಂದು, ರಷ್ಯದ ಕಪುಸ್ತಿನ್ ಯಾರ್ ಎಂಬಲ್ಲಿಂದ ‘ಆರ್ಯಭಟ’ ಮೇಲೇರಿತು. ಸುಮಾರು ಆರು ನೂರು ಕಿಲೋಮೀಟರು ಎತ್ತರದಲ್ಲಿ, ತೊಂಬತ್ತಾರು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತತೊಡಗಿತು. ಪೀಣ್ಯದ ತರುಣರು ಮಾಡಿದ ಯಂತ್ರ ಮಾತಾಡಿತು, ಹೇಳಿದಂತೆ ಕೇಳಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಪ್ರಯೋಗಗಳಿಗೆ ವಿದ್ಯುತ್ತು ಒದಗಿಸುವ ವ್ಯವಸ್ಥೆ ಕೆಟ್ಟು, ಮೂರೂ ಪ್ರಯೋಗಗಳು ನಿಂತುಹೋದುವು. ಎರಡೂವರೆ ವರ್ಷಕ್ಕೂ ಮಿಕ್ಕ ದುಡಿಮೆ. ವಿಜ್ಞಾನಿಗಳ ಕೈಗೆ ಬಂದ ಅಂಕಿಗಳು ನಾಲ್ಕು ದಿನದವು. ಸಂಚಾರಕ್ಕೆ ಏನೂ ಧಕ್ಕೆಯಿಲ್ಲ. ಆರ್ಯಭಟ ಮತ್ತೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಭೂಮಿಯನ್ನು ಸುತ್ತುತ್ತಲೇ ಇದ್ದು, 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಇಳಿಯಿತು.

ವೈಟ್‌ಫೀಲ್ಡಿನ ಮೇಜಿನ ಮೇಲಿರುವ ರಬ್ಬರು ಆ ಎತ್ತರಕ್ಕೆ ಎಟಕುವಂಥದಲ್ಲ. ಕೆಳಗಿನವರಿಗೆ ಆಜ್ಞೆ ಕಳುಹಿಸುವುದು ಸಾಧ್ಯವಿತ್ತು, ತಂತಿ ಬೆಸೆಯುವುದು ಸಾಧ್ಯವಿರಲಿಲ್ಲ. ಹಾಗೆಂದು ಪ್ರಯತ್ನವೇ ವಿಫಲವಾಯಿತೆನ್ನುವುದು ಅನ್ಯಾಯ. ಆರ್ಯಭಟನ ಮುಖ್ಯ ಉದ್ದೇಶ ಉಪಗ್ರಹವನ್ನು ಮಾಡಲು ಕಲಿಯುವುದಾಗಿತ್ತು. ಆ ಕಲಿಕೆ ಪೀಣ್ಯದ ಶೆಡ್ಡುಗಳಲ್ಲಿ ಕುಳಿತವರ ಕೈಯಲ್ಲಿ ಉಳಿಯಿತು. ದೇಶವೂ ಅದನ್ನು ಮರೆಯಲಿಲ್ಲ. ಎರಡು ರೂಪಾಯಿನ ನೋಟಿನ ಹಿಂಬದಿಯಲ್ಲಿ ಅನೇಕ ವರ್ಷ ಆ ಇಪ್ಪತ್ತಾರು ಮುಖಗಳ ಚಿತ್ರವೇ ಇದ್ದಿತು. ತರಕಾರಿ ಕೊಳ್ಳುವಾಗ ಅದನ್ನು ಕೈ ಬದಲಾಯಿಸಿದ ಗೃಹಿಣಿಯರು ಈಗಲೂ ಅನೇಕರಿದ್ದಾರೆ. ಅದು ಪೀಣ್ಯದಲ್ಲಿ ಹೇಳಿ ಮಾಡಿಸಿದ ವಸ್ತುವೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ!

ಎರಡನೆಯ ಸಲ ಅದೇ ಮಾದರಿಯನ್ನು ಮಾಡಿಸಿದರೆ ನೂರಕ್ಕೆ ಹತ್ತು ಸೋಡಿ ಎಂಬುದು ಆಟದ ನಿಯಮ. ರಾಯರ ತಂಡಕ್ಕೆ ಎಷ್ಟು ಸೋಡಿ ದೊರೆತೀತೆಂದು ಯಾವ ಕೋಷ್ಟಕವೂ ಹೇಳದು. ಆದರೆ ಮುಂದಿನ ಉಪಗ್ರಹಕ್ಕೆ ಅವರು ಹೊಸ ಒಡಲನ್ನು ಹುಡುಕಲಿಲ್ಲ. ಅದೇ ಇಪ್ಪತ್ತಾರು ಮುಖಗಳ ಮೈಯೊಳಗೆ ಈ ಬಾರಿ ಭೂಮಿಯನ್ನು ನೋಡುವ ಟೆಲಿವಿಷನ್ ಕ್ಯಾಮೆರಾಗಳನ್ನೂ, ಕಡಲಿನ ಮೇಲಣ ತೇವವನ್ನು ಅಳೆಯುವ ಉಪಕರಣವನ್ನೂ ಹೂಡಿ, ‘ಭಾಸ್ಕರ’ ಎಂಬ ಹೆಸರಿಟ್ಟು, 1979ರ ಜೂನ್ 7ರಂದು ಅದೇ ಕಪುಸ್ತಿನ್ ಯಾರ್‌ನಿಂದ ಹಾರಿಸಿದರು. ತೂಕ 442 ಕಿಲೋಗ್ರಾಮು.